ಈ ವಾರದ ಸಮಸ್ಯೆ: ನಂಜುಣ್ಣುತಲೆ ಬೆಳೆದ ಕೂಸೆ ಬದುಕಿತು

ಸಾಲು ಕೊಟ್ಟವನು, ಪುಣೆ:
ಗೆಳೆಯರೇ, ಸಾಲು ಮೇಲಿದೆ, ಅದರ ಹಿಂದಿನ ಮೂರು ಸಾಲು ಬರೆದು ಪದ್ಯ ತುಂಬಿಸಿ. ಪಂಚಮಾತ್ರೆಯ ಚೌಪದಿ. 1 ಮತ್ತು 3ನೇ ಸಾಲಿಗೆ ಐದರ ನಾಲ್ಕು ಗಣ. 2 ಮತ್ತು 4ಕ್ಕೆ ಐದರ ಮೂರು, ಕೊನೆಗೆ ಎರಡು ಮಾತ್ರೆ. ಆದಿಪ್ರಾಸ ಬೇಕೇ ಬೇಕು, ಅಂದರೆ ಎಲ್ಲ ಸಾಲಿನ ಎರಡನೇ ಅಕ್ಷರ ಒಂದೇ, ಇಲ್ಲಿ ಬಿಂದು ಸೇರಿದ ಜಕಾರ. ಕೊಟ್ಟ ಸಾಲು ಕೊನೆಗೇ ಬರಲಿ.

ಮುಲುಂಡಿನ ಅಕ್ಕ:
ನೋಡಿದ ಕೂಡಲೇ ಕೃಷ್ಣನೇ ನೆನಪಾದ.

ಸಂಜೆಯಲಿ ಪೂತನಿಯು ಮೊಲೆಯೂಡೆ ಗೋಕುಲದಿ
ಹಿಂಜರಿಯದವಳುಸಿರ ಹೀರಿದೊಡನೇ
ಅಂಜುತ್ತ ಬಂದ ಗೋಪಿಯರೆಲ್ಲ ಬೆರಗಾಗೆ
ನಂಜುಣ್ಣುತಲೆ ಬೆಳೆದ ಕೂಸೆ ಬದುಕಿತು

ಸಾಲು ಕೊಟ್ಟವನು:
ಅಕ್ಕಾ, ಗಣ ಎಲ್ಲಾ ಚೆನ್ನಾಗಿ ಕೂತಿದೆ, ಎರಡನೇ ಸಾಲು ತುಂಬಾ ಇಷ್ಟವಾಯಿತು. ಆದರೆ ‘ಬೆಳೆದ’ ಅನ್ನೋ ಮಾತಿಗೆ ಉತ್ತರ ಸಿಗಲಿಲ್ಲ. ಕೃಷ್ಣ ಪೂತನಿಯ ನಂಜು ಕುಡಿದದ್ದು ಒಂದೇ ಸಲ. ದಿನಾ ನಂಜನ್ನೇ ತಿಂದು ಬೆಳೆಯುವ ಕೂಸು ಬೇರೆ ಇರಬೇಕಲ್ವಾ?

ಕೋಥ್ರೂಡಿನ ಹುಡುಗ:
ಅಣ್ಣಾ, ನನಗೆ ‘ಎಕ್ಕದೆಲೆ ಮೆಲ್ಲುತ್ತ ಕುಳಿತಿರುವ ಹುಳುವೊಂದು’ ಅಂತ ಬಂತು. ಮುಂದೆ ಹೋಗಲೇ ಇಲ್ಲ.

ಸಾಲು ಕೊಟ್ಟವನು:
ತಮ್ಮಾ, ಮಾತ್ರೆ ಸರಿ ಇದೆ, ಪ್ರಾಸ ಮಾತ್ರ ತಪ್ಪಿದೆ. ದಾರಿ ನಿನ್ನದೇ ಸರಿ, ಈ ಸಾಲು ಹುಟ್ಟಿದ್ದೇ ಆ ಹುಳುವಿನಿಂದ. ಇಲ್ಲಿ ಶನಿವಾರ ಮಾರುತಿಗೆ ರುಯಿ ಎಲೆಯ ಮಾಲೆ ಹಾಕುತ್ತಾರಲ್ಲ, ರುಯಿ ಅಂದರೆ ನಮ್ಮ ಎಕ್ಕ, ರಥಸಪ್ತಮಿಗೆ ತಲೆ ಮೇಲಿಟ್ಟು ಸ್ನಾನ ಮಾಡುತ್ತೇವಲ್ಲ, ಅದೇ. ಹೋದ ವಾರ ಕೊಂಡ ಮಾಲೆಯಲ್ಲಿ ಒಂದು ಎಲೆಯ ಅಡಿಗೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಇತ್ತು. ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಅದನ್ನು ಎತ್ತಿ ಗಿಡಕ್ಕೆ ಬಿಟ್ಟು ಬಂದೆ.

ಎಕ್ಕದ ಹಾಲಿನಲ್ಲಿ ಕಾರ್ಡಿನೊಲೈಡ್ ಅನ್ನೋ ನಂಜಿದೆ. ಜೀವಕೋಶ ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುವ ಪಂಪನ್ನೇ ಅದು ತಡೆಯುತ್ತದೆ, ಹೃದಯದ ಬಡಿತ ಕೆಡುತ್ತದೆ. ಇದೇ ಕುಲದ ಮೊನಾರ್ಕ್ ಚಿಟ್ಟೆಯಲ್ಲಿ ಆ ಪಂಪು ಒಂದಿಷ್ಟು ಬದಲಾಗಿದೆ, ನಂಜು ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಅದಕ್ಕೇ ಮರಿ ತಿಂದ ನಂಜನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ರೆಕ್ಕೆ ಬಂದ ಮೇಲೂ ಅದು ಉಳಿಯುತ್ತದೆ.

1960ರ ದಶಕದಲ್ಲಿ ಅಮೆರಿಕದ ಲಿಂಕನ್ ಬ್ರೋವರ್ ಮತ್ತು ಜೊತೆಯವರು ಮೊನಾರ್ಕನ್ನು ಬ್ಲೂ ಜೇ ಹಕ್ಕಿಗೆ ತಿನ್ನಿಸಿ ನೋಡಿದರು. ಎಕ್ಕದ ನೆಂಟ ಗಿಡದ ಮೇಲೆ ಬೆಳೆದದ್ದನ್ನು ನುಂಗಿದ ಹಕ್ಕಿ ಸ್ವಲ್ಪ ಹೊತ್ತಿಗೆ ಕಾರಿಕೊಂಡಿತು, ಆಮೇಲೆ ಆ ಬಣ್ಣ ಕಂಡರೇ ಬೇಡ ಅಂದಿತು. ಎಲೆಕೋಸಿನ ಮೇಲೆ ಬೆಳೆಸಿದ್ದನ್ನು ಮಾತ್ರ ಸುಮ್ನೆ ತಿಂದು ಅರಗಿಸಿಕೊಂಡಿತು. ಕೋಸು ತಿಂದ ಕೂಸು ಉಳಿಯಲಿಲ್ಲ ನೋಡಿ! ಇದನ್ನು ಓದಿದ ದಿನದಿಂದ ನನಗೆ ಈ ಸಾಲು ಬಿಟ್ಟು ಬೇರೆ ಯೋಚನೆಯೇ ಇಲ್ಲ.

ಬಂಜರಿನೊಳೆಕ್ಕದೆಲೆಹಾಲ ಕುಡಿದಾ ಮರಿಯು
ಕೆಂಜಾಯ ಚಿಟ್ಟೆಯಾಯಿತು ಕೋಶದೊಳು
ಅಂಜದದರೊಡಲ ಕಚ್ಚಿದ ಹಕ್ಕಿ ಕಾರಿದೊಡೆ
ನಂಜುಣ್ಣುತಲೆ ಬೆಳೆದ ಕೂಸೆ ಬದುಕಿತು

ಮುಲುಂಡಿನ ಅಕ್ಕ:
ಒಪ್ಪಿದೆ ಕಣಪ್ಪ. ಆದರೆ ಮೂರನೇ ಸಾಲಲ್ಲಿ ಹಕ್ಕಿ ಕಚ್ಚಿಬಿಟ್ಟಿದೆ. ಮತ್ತೆ ಬದುಕಿದ್ದು ಹೇಗೆ?

ಸಾಲು ಕೊಟ್ಟವನು:
ಒಳ್ಳೆ ಪ್ರಶ್ನೆ ಅಕ್ಕಾ. ಈ ಚಿಟ್ಟೆಗಳ ಮೈ ತೊಗಲಿನ ಹಾಗೆ ಗಟ್ಟಿ, ಹಕ್ಕಿ ಕಚ್ಚಿ ಉಗುಳಿದರೆ ಎಷ್ಟೋ ಸಲ ಎದ್ದು ಹಾರಿಹೋಗುತ್ತವೆ. ಒಂದು ಸತ್ತರೂ ರುಚಿ ಕಂಡ ಹಕ್ಕಿ ಅದರ ಒಡಹುಟ್ಟಿದವನ್ನು ಮುಟ್ಟುವುದಿಲ್ಲ.

ಕೋಥ್ರೂಡಿನ ಹುಡುಗ:
ಅಣ್ಣಾ, ಡನಾಯ್ಡ್ ಎಗ್‌ಫ್ಲೈ ಅಂತ ಒಂದು ಚಿಟ್ಟೆ ಇದೆಯಲ್ಲ, ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ಹಾಗೇ ಇರುತ್ತದೆ, ಗಂಡು ಮಾತ್ರ ಕಪ್ಪು ಮೈಗೆ ಬಿಳಿ ಚುಕ್ಕೆ. ಅದರ ಮರಿ ತಿನ್ನೋದು ನಾವೂ ತಿನ್ನೋ ಗೋಣಿಸೊಪ್ಪು. ನಂಜುಣ್ಣದ ಕೂಸೂ ಬದುಕಿತು ಅಂತಾಯ್ತು! ಇವತ್ತು ರಾತ್ರಿ ಪ್ರಾಸ ಹುಡುಕಿಯೇ ಮಲಗುತ್ತೇನೆ.

ಮುಲುಂಡಿನ ಅಕ್ಕ:
ಹಾಗಾದರೆ ಮುಂದಿನ ಸಾಲು ನನ್ನದು. ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಒಂದು ಹಸಿರು ಹುಳು ಇದೆ. ಎಲೆ ಕೀಳೋವಾಗ ಕೈ ತಾಗಿತು, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬಂತು, ಜೊತೆಗೆ ಕೆಟ್ಟ ವಾಸನೆ. ಅದೇ ಛಂದಸ್ಸು, ಪ್ರಾಸ ರಕಾರ:

ಕರಿಬೇವ ಗಿಡದಲ್ಲಿ ಹಾವ ನಾಲಿಗೆ