ಮೊಣಕೈ ನೆಟ್ಟಗಾಗದ ಮಗನಿಗೆ ರಕ್ತ ತೆಗೆಸುವುದು ಹೇಗೆ?

ಪ್ರಶ್ನೆ (ಒಬ್ಬ ತಾಯಿ): ನನ್ನ ಮಗನಿಗೆ 13 ವರ್ಷ, ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ದಿನೇ ದಿನೇ ಬಲ ಕಳೆದುಕೊಳ್ಳುವ ಕಾಯಿಲೆ) ಇದೆ. ವೀಲ್‌ಚೇರ್‌ನಲ್ಲೇ ಇರುತ್ತಾನೆ. ಮೊಣಕೈ ಪೂರ್ತಿ ಚಾಚಲು ಆಗುವುದಿಲ್ಲ. ಈ ಕಾಯಿಲೆಗೆ ಕೊಡುವ ಸ್ಟೆರಾಯ್ಡ್‌ನಿಂದ ಮೈ ದಪ್ಪ ಆಗಿದೆ. ಪ್ರತಿ ಸಲವೂ ನರ ಸಿಗುವುದಿಲ್ಲ ಅಂತ ಕೈ ಎಳೆದು ಹಿಡಿಯುತ್ತಾರೆ, ಅವನು ಅಳುತ್ತಾನೆ. ಮುಂದಿನ ವಾರ ಮತ್ತೆ ಟೆಸ್ಟ್ ಇದೆ. ಲ್ಯಾಬ್‌ನವರು ಯಾರಾದರೂ ದಾರಿ ಹೇಳ್ತೀರಾ?

ಉತ್ತರ (ಲ್ಯಾಬ್ ಟೆಕ್ನೀಷಿಯನ್): ಅಕ್ಕ, ಕೈಯನ್ನು ಬಲವಂತವಾಗಿ ನೆಟ್ಟಗೆ ಮಾಡಲು ಯಾರಿಗೂ ಬಿಡಬೇಡಿ. ಕೀಲು, ಸ್ನಾಯು ಬಿಗಿದುಕೊಂಡಿರುತ್ತವೆ, ಎಳೆದರೆ ಪೆಟ್ಟಾಗಬಹುದು. ಮೊಣಕೈಯಲ್ಲೇ ರಕ್ತ ತೆಗೆಯಬೇಕು ಅಂತ ನಿಯಮವೇನೂ ಇಲ್ಲ. ಕುರ್ಚಿಯಿಂದ ಇಳಿಸುವುದೂ ಬೇಡ. ಕೈ ಮಡಚಿದ ಹಾಗೇ ದಿಂಬಿನ ಮೇಲಿಟ್ಟು, ಅಂಗೈ ಹಿಂಭಾಗದ ನರ ಹುಡುಕಲಿ. ಅದಕ್ಕೆ 23 ಗೇಜ್ ಬಟರ್‌ಫ್ಲೈ ಸೂಜಿ (ಎರಡು ಪುಟ್ಟ ರೆಕ್ಕೆ ಇರುವ ತೆಳ್ಳನೆಯ ಸೂಜಿ) ಒಳ್ಳೆಯದು. ಮಕ್ಕಳಿಗೆ ಬಳಸುವ ಸಣ್ಣ ಟ್ಯೂಬ್ ಇದ್ದರೆ ರಕ್ತವೂ ಕಡಿಮೆ ಸಾಕು.

ಸ್ಟೆರಾಯ್ಡ್ ತಗೊಳ್ಳುವವರ ಚರ್ಮ ತೆಳ್ಳಗಿರುತ್ತೆ, ಬೇಗ ನೀಲಿಗಟ್ಟುತ್ತೆ. ರಬ್ಬರ್ ಪಟ್ಟಿಯನ್ನು ಅಂಗಿ ತೋಳಿನ ಮೇಲೇ ಕಟ್ಟಿ, ಒಂದು ನಿಮಿಷದೊಳಗೆ ಬಿಚ್ಚಲಿ. ಮುಷ್ಟಿ ಹಿಡಿದು ಬಿಡು ಅಂತ ಹೇಳುವುದು ಬೇಡ. ಅವನಿಗೆ ಸುಮ್ನೆ ಆಯಾಸ, ರಕ್ತದಲ್ಲಿ ಪೊಟ್ಯಾಷಿಯಂ ಕೂಡ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಸೂಜಿ ತೆಗೆದ ಮೇಲೆ ಹತ್ತಿಯನ್ನು ನೀವೇ ಒತ್ತಿ ಹಿಡಿಯಿರಿ, ಅವನ ಇನ್ನೊಂದು ಕೈಗೆ ಅಷ್ಟು ಬಲ ಇರುವುದಿಲ್ಲ ಅಲ್ವಾ?

ಹೋಗುವ ಮೊದಲು ನೀರು ಕುಡಿಸಿ. ಖಾಲಿ ಹೊಟ್ಟೆ ಟೆಸ್ಟ್ ಇದ್ದರೂ ಬರೀ ನೀರು ಕುಡಿಯಬಹುದು. ಹೃದಯದ ಕಾರಣಕ್ಕೆ ಡಾಕ್ಟರ್ ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಅದನ್ನೇ ಪಾಲಿಸಿ. ಕೈಯನ್ನು ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿಡಿ, ನರ ಎದ್ದು ಕಾಣುತ್ತೆ. ಮರಗಟ್ಟಿಸುವ ಲಿಡೊಕೇನ್-ಪ್ರೈಲೊಕೇನ್ ಕ್ರೀಮ್ ಬಗ್ಗೆ ಡಾಕ್ಟರನ್ನು ಕೇಳಿ. ಹಚ್ಚಿ ಮುಚ್ಚಿಟ್ಟರೆ ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು.

ಪ್ರಶ್ನೆ (ಒಬ್ಬ ತಂದೆ): ಸರ್, ನಮ್ಮ ಹುಡುಗನಿಗೂ ಇದೇ ಕಾಯಿಲೆ. ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಇದೆ, ಲಿವರ್ ನೋಡಬೇಕು ಅಂತ ಪದೇ ಪದೇ ರಕ್ತ ತೆಗೆಯುತ್ತಿದ್ದಾರೆ.

ಉತ್ತರ: ಇದು ತುಂಬಾ ಮಕ್ಕಳಿಗೆ ಆಗುವ ತೊಂದರೆ, ನೋಡಿದರೆ ಸಂಕಟವಾಗುತ್ತೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಈ ಎರಡು ಕಿಣ್ವಗಳು ಲಿವರ್‌ನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಹಾಳಾದಾಗ ಸಿಪಿಕೆ ಎಂಬ ಸ್ನಾಯುವಿನ ಕಿಣ್ವದ ಜೊತೆ ಅವೂ ರಕ್ತಕ್ಕೆ ಬರುತ್ತವೆ. ಲಿವರ್ ಬಗ್ಗೆ ಅನುಮಾನ ಇದ್ದರೆ ಜಿಜಿಟಿ ಎಂಬ ಲಿವರ್ ಟೆಸ್ಟ್ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ, ಅದು ಸ್ನಾಯುವಿನಿಂದ ಏರುವುದಿಲ್ಲ. ಕಿಡ್ನಿಗೂ ಕ್ರಿಯಾಟಿನಿನ್ ಒಂದನ್ನೇ ನಂಬುವ ಹಾಗಿಲ್ಲ, ಸ್ನಾಯು ಕಡಿಮೆ ಇರುವುದರಿಂದ ಅದು ಸಾಮಾನ್ಯವಾಗಿ ಕಡಿಮೆಯೇ ಬರುತ್ತೆ. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಕಿಡ್ನಿ ಟೆಸ್ಟ್ ಬಗ್ಗೆ ಕೇಳಿ ನೋಡಿ. ಎಲ್ಲ ಟೆಸ್ಟ್‌ಗಳನ್ನೂ ಒಂದೇ ದಿನಕ್ಕೆ ಬರೆಸಿಕೊಂಡರೆ ಒಂದೇ ಚುಚ್ಚು ಸಾಕು.

ಪ್ರಶ್ನೆ (ತಾಯಿ): ಎರಡು ಸಲ ಚುಚ್ಚಿದರೂ ಸಿಗದಿದ್ದರೆ?

ಉತ್ತರ: ಅಲ್ಲಿಗೆ ನಿಲ್ಲಿಸಲು ಹೇಳಿ. ಹೆಚ್ಚು ಅನುಭವ ಇರುವ ಬೇರೆಯವರನ್ನು ಕರೆಸಿ, ಇಲ್ಲವೇ ಇನ್ನೊಂದು ದಿನ ಬನ್ನಿ. ಹೀಗೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಮೊದಲೇ ಫೋನ್ ಮಾಡಿ ಮಗನ ಕೈ ಸ್ಥಿತಿ ಹೇಳಿದರೆ, ಜನ ಕಡಿಮೆ ಇರುವ ಹೊತ್ತು ಕೊಡುತ್ತಾರೆ. ಹಾಂ, ಖಾಲಿ ಹೊಟ್ಟೆ ಟೆಸ್ಟ್ ಅಂತ ಅವತ್ತಿನ ಸ್ಟೆರಾಯ್ಡ್ ಮಾತ್ರೆ ತಪ್ಪಿಸಬೇಡಿ. ತಿಂಡಿ ಡಬ್ಬಿ ಜೊತೆಗೇ ತನ್ನಿ, ರಕ್ತ ಕೊಟ್ಟ ಕೂಡಲೇ ತಿಂದು ತಗೊಳ್ಳಲಿ.