ಘೋಳ್: ಗೋಣಿಯೋ, ಗೋಳಿಯೋ?

ಪ್ರಶ್ನೆ: ಮರಾಠಿ ಅಡುಗೆ ಬರಹವೊಂದನ್ನು ಕನ್ನಡಕ್ಕೆ ತರುವಾಗ ‘ಘೋಳಾಚೀ ಭಾಜಿ’ ಹತ್ತಿರ ಕೈ ನಿಂತಿದೆ. ಮಳೆಗಾಲದಲ್ಲಿ ಮುಂಬಯಿಯ ದಾದರ್‌ನಲ್ಲೂ ಪುಣೆಯ ಮಂಡಈ ಮಾರುಕಟ್ಟೆಯಲ್ಲೂ ಕಟ್ಟು ಕಟ್ಟಾಗಿ ಸಿಗುವ, ಕೆಂಪು ದಂಟಿನ ದಪ್ಪೆಲೆಯ ಸೊಪ್ಪು. ಇದು ಗೋಣಿ ಸೊಪ್ಪೋ, ಗೋಳಿ ಪಲ್ಲೆಯೋ? ‘ಚಿವಳ’ ಅನ್ನುವುದೂ ಇದನ್ನೇನಾ?

ಉತ್ತರ: ಗೋಣಿ ಸೊಪ್ಪು ಎಂದೇ ಬರೆಯಿರಿ. ಉತ್ತರ ಕರ್ನಾಟಕದವರ ಗೋಳಿ ಪಲ್ಲೆಯೂ ಇದೇ ಗಿಡ, ಸಸ್ಯಶಾಸ್ತ್ರದಲ್ಲಿ ಪೋರ್ಟುಲಾಕಾ ಓಲೆರೇಸಿಯಾ. ಆದರೆ ಕರಾವಳಿಯವರಿಗೆ ಗೋಳಿ ಎಂದರೆ ಆಲದ ಮರ. ಮುಂಬಯಿ ಕನ್ನಡಿಗರಲ್ಲಿ ಅವರೇನು ಕಮ್ಮಿಯೇ? ‘ಗೋಳಿಯ ಎಳೆ ಕುಡಿ ಹೆಚ್ಚಿಕೊಳ್ಳಿ’ ಎಂದರೆ ತಬ್ಬಿಬ್ಬಾಗುತ್ತಾರೆ. ಹಾಗೆಂದು ‘ಘೋಳ್’ ಅನ್ನೇ ಉಳಿಸಿಕೊಂಡರೂ ಫಜೀತಿ: ಅದೇ ಹೆಸರಿನ ದೊಡ್ಡ ಮೀನೊಂದಿದೆ, 2023ರಲ್ಲಿ ಗುಜರಾತ್ ತನ್ನ ರಾಜ್ಯಮೀನೆಂದು ಘೋಷಿಸಿದ್ದು ಅದನ್ನೇ.

‘ಭಾಜಿ’ಯಲ್ಲೂ ಎಚ್ಚರ ಬೇಕು. ಮರಾಠಿಯಲ್ಲಿ ಹಸಿ ಸೊಪ್ಪೂ ಭಾಜಿ, ಬೇಯಿಸಿದ್ದೂ ಭಾಜಿ. ಧಾರವಾಡದ ಕಡೆಯ ಪಲ್ಲೆಗೂ ಹಾಗೆ ಎರಡರ್ಥ. ಬೆಂಗಳೂರು, ಮೈಸೂರಿನ ಓದುಗನಿಗೆ ಪಲ್ಯ ಬೆಂದದ್ದು ಮಾತ್ರ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಸೊಪ್ಪು, ಶೀರ್ಷಿಕೆಯಲ್ಲಿ ಪಲ್ಯ.

ಚಿವಳ ಇದರ ತಂಗಿ, ಪೋರ್ಟುಲಾಕಾ ಕ್ವಾಡ್ರಿಫಿಡಾ. ನೆಲಕ್ಕಂಟಿ ಹರಡುತ್ತದೆ, ಎಲೆ ತೀರಾ ಚಿಕ್ಕದು, ಗೆಣ್ಣಿನಲ್ಲಿ ಬಿಳಿ ರೋಮ, ಹೂವಿಗೆ ನಾಲ್ಕೇ ಎಸಳು. ಗೋಣಿ ಸೊಪ್ಪಿನ ಹಳದಿ ಹೂವಿಗೆ ಸಾಮಾನ್ಯವಾಗಿ ಐದು. ‘ಸಣ್ಣ ಗೋಣಿ’ ಎಂದರೆ ಸಾಕು.

ರುಚಿಯನ್ನು ಒಬ್ಬರು ಹುಳಿ ಎನ್ನುತ್ತಾರೆ, ಇನ್ನೊಬ್ಬರು ಬರೀ ಉಪ್ಪುಪ್ಪು ಎನ್ನುತ್ತಾರೆ, ಇಬ್ಬರೂ ಸರಿ. ನೀರು ಕಮ್ಮಿಯಾದಾಗ ಈ ಗಿಡ ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ, ಹಗಲಲ್ಲಿ ಖರ್ಚು ಮಾಡುತ್ತದೆ. ಬೆಳಗಿನ ಜಾವ ಕೊಯ್ದರೆ ಹುಳಿ, ಮಧ್ಯಾಹ್ನ ಕೊಯ್ದರೆ ಹುಳಿ ಇಳಿದು ಬರೀ ಉಪ್ಪುಪ್ಪು. ನಿಮ್ಮ ಅನುವಾದದಲ್ಲಿ ‘ಹುಳಿ ಸೊಪ್ಪು’ ಎಂದು ವಿವರಿಸಲು ಹೋಗಬೇಡಿ, ಪುಂಡಿ ಸೊಪ್ಪು ಅಂದುಕೊಂಡಾರು.

ಇನ್ನೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆ. ಆದರೆ ಹೆಸರಿಗಿಂತ ಗುರುತು ಮುಖ್ಯ, ಅದನ್ನೊಂದು ಸಾಲು ಸೇರಿಸಿ. ಗೋಣಿ ಬೆಳೆಯುವ ಕುಂಡದಲ್ಲೇ ಅದೇ ಥರ ಹರಡುವ ಹಾಲುಗಿಡಗಳಿವೆ, ಯುಫೋರ್ಬಿಯಾ ಜಾತಿಯವು, ತಿನ್ನಬಾರದು. ದಂಟು ಮುರಿಯಿರಿ: ಬಿಳಿ ಹಾಲು ಬಂದರೆ ಬಿಸಾಡಿ, ನೀರಿನಂಥ ಲೋಳೆ ಬಂದರೆ ಗೋಣಿ. ಟ್ರಯಾಂಥೆಮಾ ಎಂಬ ಕಳೆಗಿಡ ಮಾತ್ರ ಹಾಲಿಲ್ಲದೆ ಮೋಸ ಮಾಡುತ್ತದೆ. ಅದರ ಎಲೆಗಳು ಜೋಡಿ, ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಹೂವು ಹಳದಿಯಲ್ಲ, ನಸುಗೆಂಪು ಅಥವಾ ಬಿಳಿ.

‘ಕಳೆ’ ಎಂಬ ಪದಕ್ಕೆ ಗೋಣಿಯಷ್ಟು ಒಪ್ಪುವ ಗಿಡ ಕಮ್ಮಿ. ಕಿತ್ತು ಅಲ್ಲೇ ಒದ್ದೆ ಮಣ್ಣ ಮೇಲೆ ಬಿಟ್ಟರೆ ಮತ್ತೆ ಬೇರು ಬಿಡುತ್ತದೆ. ಹೂ ಬಿಟ್ಟಿದ್ದರೆ ಕಿತ್ತ ಮೇಲೂ ಬೀಜ ಬಲಿಯುತ್ತದೆ. ಸಲಿಕೆಯಿಂದ ಕೊಚ್ಚಿದರೆ ಒಂದು ಹತ್ತಾಗುತ್ತದೆ. ಬಲಿತ ಕಾಯಿ ಡಬ್ಬಿಯ ಮುಚ್ಚಳದಂತೆ ಕಳಚಿ ಒಂದು ಮಿ.ಮೀ.ಗಿಂತ ಚಿಕ್ಕ ಕಪ್ಪು ಬೀಜ ಉದುರಿಸುತ್ತದೆ. ಬೇಡದವರು ಹೂವಿಗೆ ಮೊದಲೇ ಕಿತ್ತು ಹೊರಗೆ ಸಾಗಿಸಬೇಕು.

ಬೇಕಾದವರಿಗೆ: ಬಿಸಿಲು ಬೀಳುವ ಬಾಲ್ಕನಿಯಲ್ಲಿ 15 ಸೆಂ.ಮೀ. ಆಳದ ಕುಂಡ, ಅರ್ಧ ಮರಳು. ಬೀಜ ಮೇಲೆ ಉದುರಿಸಿ ಅಂಗೈಯಿಂದ ಒತ್ತಿ ಬಿಡಿ. ಮಣ್ಣು ಮುಚ್ಚಿದರೆ ಮೊಳಕೆ ಬಾರದು, ಬೆಳಕು ಬೇಕು. ಕಟ್ಟಿನಲ್ಲಿ ಬಂದ ದಂಟಿನ 8–10 ಸೆಂ.ಮೀ. ತುಂಡು ನೆಟ್ಟರೆ ಇನ್ನೂ ಸುಲಭ. ಕೊಯ್ಯುವಾಗ ಬುಡದಲ್ಲಿ ಎರಡು ಗೆಣ್ಣು ಉಳಿಸಿದರೆ ಮತ್ತೆ ಚಿಗುರುತ್ತದೆ. ಜುಲೈನ ಜಡಿಮಳೆಗೆ ಕುಂಡವನ್ನು ಒಡ್ಡಿದರೆ ಬುಡ ಕೊಳೆಯುತ್ತದೆ; ನೆರಳಲ್ಲಿಟ್ಟರೆ ದಂಟು ಸೊರಗಿ ಉದ್ದವಾಗುತ್ತದೆ.

ಆ ಅಡುಗೆಯಲ್ಲಿ ಮಜ್ಜಿಗೆ ಇದ್ದರೆ ಅನುವಾದದಲ್ಲಿ ಬಿಡಬೇಡಿ. ಈ ಸೊಪ್ಪಿನಲ್ಲಿ ಕಲ್ಲು ಕಟ್ಟಬಲ್ಲ ಆಕ್ಸಲೇಟ್ ಎಂಬ ವಸ್ತು ಹೆಚ್ಚು, ಮೊಸರು ಮಜ್ಜಿಗೆಯ ಕ್ಯಾಲ್ಸಿಯಂ ಅದನ್ನು ಹಿಡಿದಿಡುತ್ತದೆ. ಮೂತ್ರಪಿಂಡದಲ್ಲಿ ಕಲ್ಲಿದ್ದವರು ದೂರವಿರುವುದೇ ಲೇಸು. ಮತ್ತೆ ಉಪ್ಪು: ಸೊಪ್ಪು ಬೆಂದು ಕುಗ್ಗಿದ ಮೇಲೆ ಹಾಕಿ ಎನ್ನಿ.