ಸಹಾಯ ಬೇಕು: ಅಲ್ಸರೇಟಿವ್ ಕೊಲೈಟಿಸ್ ಇದ್ದೂ ತಾಯಿಯಾದವರ ಅನುಭವ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ) ಶುರುವಾಗಿ ಆರು ವರ್ಷವಾಯಿತು. ಹಿಂದೆ ಶೌಚದ ಲೆಕ್ಕವಿಡುವ ಪುಸ್ತಕದಲ್ಲಿ ದಿನಕ್ಕೆ ಹನ್ನೆರಡು ಗೀಟು ಬೀಳುತ್ತಿದ್ದವು. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮತ್ತು ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಅಝಥಯೋಪ್ರಿನ್ ಮಾತ್ರೆಗಳಿಂದಾಗಿ ಕಳೆದ 8 ತಿಂಗಳಿಂದ ಒಂದೋ ಎರಡೋ ಮಾತ್ರ.

ಈಗ ಮಗುವಿನ ಯೋಚನೆಯಲ್ಲಿದ್ದೇವೆ. ಕಾಯಿಲೆ ಕನಿಷ್ಠ 3ರಿಂದ 6 ತಿಂಗಳು ಹತೋಟಿಯಲ್ಲಿದ್ದ ಮೇಲೆ ಗರ್ಭ ಧರಿಸುವುದು ಒಳ್ಳೆಯದೆಂದೂ, ಉಲ್ಬಣಿಸಿರುವಾಗ ಧರಿಸಿದರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ ಹಾಗೂ ಮಗುವಿನ ತೂಕ ಕಡಿಮೆಯಾಗುವ ಅಪಾಯ ಹೆಚ್ಚೆಂದೂ ವೈದ್ಯರು ವಿವರಿಸಿದ್ದಾರೆ. ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಆಗಿದ್ದರೆ ತಿಂಗಳುಗಳ ಮೊದಲೇ ಬಿಡಬೇಕಾಗುತ್ತಿತ್ತು, ನನ್ನ ಎರಡೂ ಮಾತ್ರೆಗಳನ್ನು ಮುಂದುವರಿಸಬಹುದು ಎಂದಿದ್ದಾರೆ. ನನಗೆ ಇದು ಒಪ್ಪಿಗೆಯೇ. ಆದರೆ ಅತ್ತೆಯವರಿಗೆ ಕಾಯಿಲೆಗಿಂತ ಮಾತ್ರೆಯ ಭಯವೇ ಹೆಚ್ಚು. ಪ್ರತಿ ರಾತ್ರಿ ಮಾತ್ರೆಯ ಪಟ್ಟಿ ಕೈಗೆತ್ತಿಕೊಂಡಾಗ ಅವರ ನೋಟ ಎದುರಿಸುವುದು ಸುಲಭವಲ್ಲ.

ಗರ್ಭಾವಸ್ಥೆಯುದ್ದಕ್ಕೂ ಅಝಥಯೋಪ್ರಿನ್ ಮುಂದುವರಿಸಿದವರು ದಯವಿಟ್ಟು ತಿಳಿಸಿ: ರಕ್ತಪರೀಕ್ಷೆ ಎಷ್ಟು ದಿನಗಳಿಗೊಮ್ಮೆ ಮಾಡಿಸಿದಿರಿ? ನಡುವೆ ಕಾಯಿಲೆ ಮರುಕಳಿಸಿತೇ, ಆಗ ಯಾವ ಚಿಕಿತ್ಸೆ ಕೊಟ್ಟರು? ಹೆರಿಗೆ ವೈದ್ಯರೂ ಕರುಳಿನ ವೈದ್ಯರೂ ಪರಸ್ಪರ ಮಾತನಾಡಿಕೊಳ್ಳುವಂತೆ ಹೇಗೆ ಮಾಡಿದಿರಿ? ಮನೆಮದ್ದಿನ ಸಲಹೆಗಳು ಈಗಾಗಲೇ ಸಾಕಷ್ಟು ಬಂದಿವೆ, ಅವುಗಳ ಹೊರತಾಗಿ ನಿಮ್ಮದೇ ಅನುಭವವಿದ್ದರೆ ಬರೆಯಬೇಕೆಂದು ವಿನಂತಿ.